ಕೈ ಪಳಗುವುದೆಲ್ಲಿ?

ಕಲಾವಿಭಾಗದ ವಿದ್ಯಾರ್ಥಿನಿಯೊಬ್ಬಳು ಯಂತ್ರವಿದ್ಯೆಯ ವಿಚಾರದಲ್ಲಿ ಬಾಯಿ ಹಾಕುವುದು ಅಧಿಕಪ್ರಸಂಗವೆಂದು ಕೆಲವರಿಗೆ ತೋರಬಹುದು. ಆದರೆ ವಿಚಾರವು ನಮ್ಮ ಮನೆಯ ಅಂಗಳಕ್ಕೇ ಬಂದಾಗ ಸುಮ್ಮನಿರುವುದಾದರೂ ಹೇಗೆ?

ಘಟ್ಟದ ಮೇಲೆ ಕೊಟ್ಟ ನನ್ನ ಅಕ್ಕ ಬಸುರಿಯಾಗಿದ್ದಾಗ, ಹೆಬ್ರಿಯಿಂದ ಆಗುಂಬೆಯ ಘಾಟಿ ಹತ್ತಿ ಹೋಗಿ, ಅವಳೊಡನೆ ಸ್ಕ್ಯಾನಿಂಗಿಗೆ ಹೋಗಿದ್ದೆನು. ಕಲಿಯುತ್ತಿದ್ದ ತರುಣ ವೈದ್ಯರು ಬಹಳ ಹೊತ್ತು ಹೊಟ್ಟೆಯ ಮೇಲೆ ಉಪಕರಣವನ್ನಾಡಿಸಿ, ಮಗುವಿನ ಹೃದಯ ಸರಿಯಾಗಿ ಕಾಣುತ್ತಿಲ್ಲವೆಂದರು. ಅಕ್ಕನ ಮುಖ ಬಿಳಿಚಿತು. ಆಮೇಲೆ ಹಿರಿಯ ವೈದ್ಯೆಯೊಬ್ಬರು ಬಂದು ಉಪಕರಣವನ್ನು ತುಸು ಓರೆ ಮಾಡಿದರು. ಮಿಡಿಯುವ ಹೃದಯ ತೆರೆಯ ಮೇಲೆ ಮೂಡಿತು. ಮಗು ಈಗ ಸುಖವಾಗಿದೆ. ಆ ತರುಣರನ್ನು ನಾನು ದೂರಲಾರೆ. ಅವರ ಕೈ ಎಲ್ಲಾದರೂ ಪಳಗಲೇಬೇಕಷ್ಟೆ?

ಪಳಗಲು ಬೇರೆ ಜಾಗವಿದೆಯೆಂಬುದೇ ನನ್ನ ವಾದ. ಈ ಯಂತ್ರವು ಕಿವಿಗೆ ಕೇಳದ ಶಬ್ದವನ್ನು ದೇಹದೊಳಕ್ಕೆ ಕಳುಹಿಸುತ್ತದೆ. ಮೆದುಭಾಗಗಳಲ್ಲಿ ಶಬ್ದವು ಸೆಕೆಂಡಿಗೆ ೧೫೪೦ ಮೀಟರು ಸಾಗುವುದೆಂದು ಹಿಡಿದು, ಪ್ರತಿಧ್ವನಿ ಮರಳಿದ ಹೊತ್ತಿನಿಂದ ಆಳವನ್ನೆಣಿಸಿ ಚಿತ್ರ ಬಿಡಿಸುತ್ತದೆ. ಎಲ್ಲವೂ ಲೆಕ್ಕವೆಂದ ಮೇಲೆ ರೋಗಿಯಿಲ್ಲದೆಯೂ ಗಣಕಯಂತ್ರ ಅದನ್ನು ಮಾಡಬಲ್ಲದು. ಡೆನ್ಮಾರ್ಕಿನ ಯೆನ್ಸೆನ್ ೧೯೯೦ರ ದಶಕದಲ್ಲಿ ರಚಿಸಿದ ‘ಫೀಲ್ಡ್ ೨’, ಲಂಡನ್ನಿನ ಟ್ರೀಬಿ ಮತ್ತು ಕಾಕ್ಸ್ ೨೦೧೦ರಲ್ಲಿ ಪ್ರಕಟಿಸಿದ ‘ಕೆ-ವೇವ್’ ಇಂಥವೇ. ಬೊಂಬೆಯ ಹೊಟ್ಟೆಯ ಮೇಲೆ ಕೈಯಾಡಿಸಿದಂತೆ ತೆರೆಯಲ್ಲಿ ಚಿತ್ರ ತೋರುವ ಅಭ್ಯಾಸಯಂತ್ರಗಳೂ ಇವೆ.

ಇದೆಲ್ಲ ಬರಿಯ ಸೋಗು, ಸೋಗಿನಿಂದ ವಿದ್ಯೆ ಬರುವುದೇ ಎಂದು ಕೇಳುವವರುಂಟು. ಯಕ್ಷಗಾನದ ಕಲಾವಿದ ಮನೆಯ ಜಗಲಿಯಲ್ಲಿ ಹೆಜ್ಜೆ ಕಲಿತ ಮೇಲಲ್ಲವೆ ರಂಗಸ್ಥಳಕ್ಕೆ ಬರುವುದು? ಅಲ್ಲದೆ, ನಿಜವಾದ ಹೊಟ್ಟೆಯೊಳಗೆ ಏನಿದೆಯೆಂದು ಮೊದಲೇ ಬಲ್ಲವರಿಲ್ಲ. ಗಣಕದ ಹೊಟ್ಟೆಯೊಳಗೆ ಇರಿಸಿದವರು ನಾವೇ. ಆದುದರಿಂದ ಕಲಿಯುವವನ ತಪ್ಪೂ ಯಂತ್ರದ ತಪ್ಪೂ ಅಲ್ಲಿಯೇ ಸ್ಪಷ್ಟವಾಗಿ ಸಿಕ್ಕಿಬೀಳುತ್ತವೆ.

ಹಾಗೆಂದು ಗಣಕವನ್ನೇ ನಂಬಿ ಕೂರುವುದೂ ಸಲ್ಲ. ಕೊಬ್ಬಿನಲ್ಲಿ ಶಬ್ದದ ವೇಗ ೧೫೪೦ಕ್ಕಿಂತ ಕಡಿಮೆ. ಒಂದೊಂದು ದೇಹದ ಬಗೆ ಒಂದೊಂದು. ಬೊಂಬೆಗೆ ಭಯವೂ ಇಲ್ಲ. ಕೊನೆಯ ಪಾಠ ಮನುಷ್ಯರ ಬಳಿಯೇ, ಹಿರಿಯರ ಎದುರಿನಲ್ಲಿಯೇ ಆಗಬೇಕು.

ಆದರೆ ಮೊದಲ ಪಾಠ ಹಾಗಾಗಬಾರದು. ಅಭ್ಯಾಸಯಂತ್ರದಲ್ಲಿ ತೇರ್ಗಡೆಯಾದ ಮೇಲೆಯೇ ರೋಗಿಯ ಮೇಲೆ ಕೈಯಿಡತಕ್ಕದ್ದೆಂಬ ನಿಯಮವನ್ನು ಎಲ್ಲ ವೈದ್ಯಕೀಯ ಕಾಲೇಜುಗಳೂ ಮಾಡಲಿ. ಖರ್ಚಿನ ಮಾತೆತ್ತುವವರು, ‘ಹೃದಯ ಕಾಣುತ್ತಿಲ್ಲ’ ಎಂಬ ಮಾತು ಕೇಳಿ ಮಲಗಿದ್ದ ನನ್ನ ಅಕ್ಕನನ್ನು ಒಮ್ಮೆ ನೆನೆದು ಉತ್ತರಿಸಲಿ.