ಹೂಳು ಯಾರ ಹೊಲದ್ದು?

ಹಾಸ್ಟೆಲಿನ ಗೆಳೆಯರೇ,

ತುಂಗಭದ್ರಾ ಅಣೆಕಟ್ಟು 1953ರಲ್ಲಿ ಮುಗಿದಾಗ 133 ಟಿಎಂಸಿ ನೀರು ಹಿಡಿಯುತ್ತಿತ್ತು. 2016ರ ಸರ್ವೆ ಹೊತ್ತಿಗೆ ಸುಮಾರು 105. ಉಳಿದ ಜಾಗದಲ್ಲಿ ಹೂಳು ಕೂತಿದೆ. ‘ಹೂಳು, ಹೂಳು’ ಅಂತ ಭಾಷಣ ಬಿಗಿಯೋರು ಅದು ಎಲ್ಲಿಂದ ಬಂತು ಅಂತ ಕೇಳೋದಿಲ್ಲ. ಮೇಲಿನ ಹೊಲಗಳ ಮಣ್ಣೂ ಅದರಲ್ಲಿದೆ.

ಬಯಲುಸೀಮೆ ಮಳೆ ನಿಮಗೆ ಗೊತ್ತಲ್ಲ. ತಿಂಗಳುಗಟ್ಟಲೆ ಬರೋದಿಲ್ಲ, ಬಂದರೆ ಒಂದೇ ತಾಸು ಬಡಿದು ಹೋಗುತ್ತೆ. ಬರಿ ನೆಲಕ್ಕೆ ಹನಿ ಬಿದ್ದು ಹೆಂಟೆ ಒಡೆದು, ಸಣ್ಣ ಮಣ್ಣು, ಗೊಬ್ಬರದ ಸಾರ ಮೊದಲು ಹೊರಡುತ್ತೆ. ಉಳಿಯೋದು ಗರಸು. ದರಖಾಸ್ತಿನಲ್ಲಿ ನಮ್ಮೋರಿಗೆ ಸಿಕ್ಕಿದ್ದು ಹೆಚ್ಚಾಗಿ ಇಂಥ ಇಳಿಜಾರೇ. ಅಪ್ಪ ಹಗಲೆಲ್ಲ ಊರಗೌಡರ ಹೊಲಕ್ಕೆ ಬದು ಹಾಕಿ ಬಂದು, ಸಂಜೆ ತನ್ನ ಎರಡೆಕರೆಯ ಒಡೆದ ಬದು ನೋಡ್ತಾ ಕೂತಿರ್ತಿದ್ದ.

1978ರ ಕಾಯ್ದೆ ನಮಗೆ ಮಂಜೂರಾದ ಜಮೀನು ಪರಭಾರೆ ಆಗದಂತೆ ತಡೆಯುತ್ತೆ. ಮಣ್ಣೇ ಹೊಳೆಗೆ ಪರಭಾರೆ ಆದರೆ ಯಾರಿಗೆ ಅರ್ಜಿ ಕೊಡೋಣ?

ಈಗ ಕೆರೆ ಹೂಳೆತ್ತುತ್ತಾರೆ, ಒಳ್ಳೇದೇ. ಆದರೆ ಗೋಡು ಹೋಗೋದು ಟ್ರ್ಯಾಕ್ಟರ್ ಇದ್ದೋನ ಹೊಲಕ್ಕೆ. ಮೊದಲ ಲೋಡು ಇಳಿಜಾರಿನ ಹೊಲಕ್ಕೆ ಬೀಳಲಿ, ಬಾಡಿಗೆ ಪಂಚಾಯ್ತಿ ಕೊಡಲಿ. ರಜೆಗೆ ಊರಿಗೆ ಹೋದಾಗ ಗ್ರಾಮಸಭೆಯಲ್ಲಿ ಇದನ್ನ ಎದ್ದು ನಿಂತು ಕೇಳಿ.