ಹೊಸ ವಿಂಡೋಸ್‌ಗೆ ಮುಹೂರ್ತ ಇಡಬೇಕಾದವರು ಯಾರು?

2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ಸಂಸ್ಥೆಯು ವಿಂಡೋಸ್ 10 ಕಾರ್ಯಾಚರಣಾ ವ್ಯವಸ್ಥೆಗೆ ನೀಡುತ್ತಿದ್ದ ಸಾಮಾನ್ಯ ಬೆಂಬಲವನ್ನು ನಿಲ್ಲಿಸಿತು. ಅದಾದ ಎಂಟನೆಯ ದಿನ ಬಲಿಪಾಡ್ಯಮಿ. ರಾಜ್ಯದ ಅನೇಕ ಪೇಟೆಗಳಲ್ಲಿ ವರ್ತಕರು ಎಂದಿನಂತೆ ಹೊಸ ಲೆಕ್ಕದ ಪುಸ್ತಕಕ್ಕೆ ಅರಿಶಿನ ಕುಂಕುಮ ಏರಿಸಿ ಪೂಜೆ ಸಲ್ಲಿಸಿದರು. ಪಕ್ಕದ ಮೇಜಿನ ಗಣಕಯಂತ್ರಕ್ಕೂ ಒಂದು ಹೂವು ಸಂದಿತು. ಪುಸ್ತಕವೇನೋ ಹೊಸದು. ಆದರೆ ವ್ಯಾಪಾರದ ನಿಜವಾದ ಲೆಕ್ಕ ಇರುವುದು ಆ ಗಣಕಯಂತ್ರದಲ್ಲಿ. ಅದನ್ನು ನಡೆಸುತ್ತಿದ್ದ ವ್ಯವಸ್ಥೆ 2015ರ ಜುಲೈ 29ರಂದು ಬಿಡುಗಡೆಯಾಗಿ ಹಿಂದಿನ ವಾರವಷ್ಟೇ ನಿವೃತ್ತಿ ಹೊಂದಿತ್ತು.

ಈ ನಿವೃತ್ತಿಯ ಬಗ್ಗೆ ವ್ಯಾಪಾರ ವಲಯದಲ್ಲಿ ಎರಡು ಬಗೆಯ ಧೋರಣೆಗಳು ಕಂಡುಬರುತ್ತವೆ. ಒಂದು, ನಡೆಯುತ್ತಿರುವ ಯಂತ್ರಕ್ಕೆ ಕೈ ಹಚ್ಚಬಾರದು ಎಂಬುದು. ಇನ್ನೊಂದು, ಪರದೆಯ ಮೇಲೆ ಸೂಚನೆ ಮೂಡಿದೊಡನೆ ಒಪ್ಪಿಗೆಯ ಗುಂಡಿ ಒತ್ತಿ ಚಹಾ ಕುಡಿಯಲು ಹೋಗುವುದು. ಮೊದಲನೆಯದು ಹಿರಿಯ ಮಾಲೀಕರದು, ಎರಡನೆಯದು ಬಹುತೇಕ ಅವರ ಮಕ್ಕಳದು. ಎರಡರಲ್ಲಿಯೂ ಒಂದು ದೋಷ ಸಮಾನವಾಗಿದೆ. ಯಾವ ದಿನ, ಯಾವ ಯಂತ್ರಕ್ಕೆ, ಯಾವ ಸಿದ್ಧತೆಯೊಡನೆ ಎಂಬ ನಿರ್ಧಾರವನ್ನು ಮಾಲೀಕನು ಕೈಗೊಳ್ಳದೆ ಬೇರೆಯವರಿಗೆ ಬಿಟ್ಟುಕೊಟ್ಟಿದ್ದಾನೆ. ಉಗ್ರಾಣದ ದಾಸ್ತಾನು ಎಣಿಕೆಗೆ ದಿನ ಗೊತ್ತುಪಡಿಸುವ, ಬಾಯ್ಲರ್ ದುರಸ್ತಿಗೆ ಉತ್ಪಾದನೆ ನಿಲ್ಲಿಸುವ ದಿನವನ್ನು ತಿಂಗಳ ಮೊದಲೇ ತೀರ್ಮಾನಿಸುವ ಉದ್ಯಮಿ, ಗಣಕಯಂತ್ರದ ವಿಷಯದಲ್ಲಿ ಮಾತ್ರ ಇಷ್ಟು ಉದಾಸೀನನಾಗಿರುವುದು ಆಶ್ಚರ್ಯಕರ.

ಇಲ್ಲಿ ಮೊದಲು ಬಿಡಿಸಿಕೊಳ್ಳಬೇಕಾದ ಗೊಂದಲವೊಂದಿದೆ. ಅಪ್‌ಡೇಟ್ ಎಂಬ ಒಂದೇ ಹೆಸರಿನಲ್ಲಿ ಎರಡು ಬೇರೆ ಬೇರೆ ವಸ್ತುಗಳು ಬರುತ್ತವೆ. ಒಂದು, ಪ್ರತಿ ತಿಂಗಳ ಎರಡನೆಯ ಮಂಗಳವಾರ ಅಮೆರಿಕದಲ್ಲಿ ಬಿಡುಗಡೆಯಾಗುವ ಸುರಕ್ಷತಾ ಅಪ್‌ಡೇಟ್. ಇದು ಬಾಗಿಲಿನ ಚಿಲಕ ರಿಪೇರಿ ಮಾಡಿದಂತೆ. ಇನ್ನೊಂದು, ವ್ಯವಸ್ಥೆಯ ಆವೃತ್ತಿಯನ್ನೇ ಬದಲಾಯಿಸುವ ದೊಡ್ಡ ಅಪ್‌ಡೇಟ್. ಇದು ಅಂಗಡಿಯನ್ನೇ ಬೇರೆ ಕಟ್ಟಡಕ್ಕೆ ಸಾಗಿಸಿದಂತೆ. ಚಿಲಕದ ಕೆಲಸವನ್ನು ಮುಂದೂಡಬಾರದು. ಅಂಗಡಿ ಸಾಗಿಸುವ ಕೆಲಸವನ್ನು ಅವಸರದಿಂದ ಮಾಡಬಾರದು.

ಎರಡಕ್ಕೂ ಇತ್ತೀಚಿನ ಚರಿತ್ರೆಯಲ್ಲಿಯೇ ಸಾಕ್ಷ್ಯವಿದೆ. 2017ರ ಮೇ 12ರಂದು ವನ್ನಾಕ್ರೈ ಎಂಬ ಒತ್ತೆಹಣ ಕೇಳುವ ವೈರಸ್ 150ಕ್ಕೂ ಹೆಚ್ಚು ದೇಶಗಳಿಗೆ ಹರಡಿತು. ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳು ಚಿಕಿತ್ಸೆಗಳನ್ನು ರದ್ದುಪಡಿಸಬೇಕಾಯಿತು; ರೆನೋ ಮೋಟಾರು ಕಂಪನಿ ಕೆಲವು ಕಾರ್ಖಾನೆಗಳಲ್ಲಿ ಉತ್ಪಾದನೆ ನಿಲ್ಲಿಸಿತು. ಆ ವೈರಸ್ ನುಸುಳಿದ ದೋಷಕ್ಕೆ ಪರಿಹಾರವನ್ನು ಮೈಕ್ರೋಸಾಫ್ಟ್ ಮಾರ್ಚ್ 14ರಂದೇ, ಅಂದರೆ ಸುಮಾರು 2 ತಿಂಗಳು ಮೊದಲೇ ಬಿಡುಗಡೆ ಮಾಡಿತ್ತು. ಪೀಡಿತ ಯಂತ್ರಗಳಲ್ಲಿ ಬಹುಪಾಲು ಆಗ ಇನ್ನೂ ಬೆಂಬಲವಿದ್ದ ವಿಂಡೋಸ್ 7ರವು. ಔಷಧಿ ಮನೆಯಲ್ಲಿಯೇ ಇತ್ತು, ಕುಡಿದಿರಲಿಲ್ಲ. ಇದಕ್ಕೆ ವಿರುದ್ಧವಾದ ಪ್ರಸಂಗ ಮರುವರ್ಷದ್ದು. 2018ರ ಅಕ್ಟೋಬರ್ 2ರಂದು ವಿಂಡೋಸ್ 10ರ 1809 ಎಂಬ ದೊಡ್ಡ ಆವೃತ್ತಿ ಬಂದಿತು. ಅದನ್ನು ಹಾಕಿಕೊಂಡ ಕೆಲವರ ಯಂತ್ರಗಳಲ್ಲಿ ದಾಖಲೆಗಳೂ ಛಾಯಾಚಿತ್ರಗಳೂ ಅಳಿಸಿಹೋದವು. ಕೆಲವೇ ದಿನಗಳಲ್ಲಿ ವಿತರಣೆ ನಿಲ್ಲಿಸಿ, ನವೆಂಬರ್ 13ರಂದು ಅದನ್ನು ಮತ್ತೆ ಬಿಡುಗಡೆ ಮಾಡಲಾಯಿತು. ಇಂತಹ ನಷ್ಟದ ದೂರುಗಳು 10,000 ಅಪ್‌ಡೇಟ್‌ಗಳಿಗೆ ಒಂದರಷ್ಟು ಮಾತ್ರ ಎಂದು ಸಂಸ್ಥೆ ಹೇಳಿತು. ಆ ಒಂದು ಯಂತ್ರ ತನ್ನದೇ ಆಗಿದ್ದ ವ್ಯಾಪಾರಿಗೆ ಈ ಪ್ರಮಾಣ ಯಾವ ಸಮಾಧಾನವನ್ನೂ ಕೊಡಲಾರದು.

ದೊಡ್ಡ ಕಂಪನಿಗಳಲ್ಲಿ ಇದನ್ನೆಲ್ಲ ನೋಡಿಕೊಳ್ಳಲು ಪ್ರತ್ಯೇಕ ವಿಭಾಗವಿರುತ್ತದೆ. ಕೃಷಿ ಮಾರುಕಟ್ಟೆ ಪ್ರಾಂಗಣದ ಒಂದು ದಲ್ಲಾಳಿ ಅಂಗಡಿಯಲ್ಲಿ ಇರುವುದು ಗುಮಾಸ್ತ ಮತ್ತು ಕರೆದಾಗ ಬರುವ ದುರಸ್ತಿಗಾರ. ಅಲ್ಲಿನ ಯಂತ್ರದಲ್ಲಿ ಇರುವುದಾದರೂ ಏನೇನು ಎಂದು ಪಟ್ಟಿ ಮಾಡಿದರೆ ಅಪಾಯ ಎಲ್ಲಿದೆ ಎಂಬುದು ತಿಳಿಯುತ್ತದೆ. ವ್ಯಾಪಾರದ ಲೆಕ್ಕಕ್ಕೆ ಇಂದಿನ ತಂತ್ರಾಂಶವೊಂದು ಇರಬಹುದು. ಆದರೆ ರೈತರ ಪಟ್ಟಿ, ಹಮಾಲಿ, ತೂಕ, ಕಮಿಷನ್ನಿನ ಲೆಕ್ಕವನ್ನು ಎಂದೋ ಊರಿನ ಪ್ರೋಗ್ರಾಮರ್ ಒಬ್ಬರು ಡಾಸ್ ಕಾಲದ ಫಾಕ್ಸ್‌ಪ್ರೋದಲ್ಲಿ ಬರೆದುಕೊಟ್ಟಿದ್ದಾರೆ, ಅದು ಈಗಲೂ ತಪ್ಪಿಲ್ಲದೆ ನಡೆಯುತ್ತಿದೆ. ಇಂತಹ 16 ಬಿಟ್ ಪ್ರೋಗ್ರಾಂಗಳು ವಿಂಡೋಸ್ 10ರ 32 ಬಿಟ್ ಆವೃತ್ತಿಯಲ್ಲಿ ನಡೆಯುತ್ತಿದ್ದವು. ವಿಂಡೋಸ್ 11ಕ್ಕೆ 32 ಬಿಟ್ ಆವೃತ್ತಿಯೇ ಇಲ್ಲ. 64 ಬಿಟ್ ವ್ಯವಸ್ಥೆಯಲ್ಲಿ ಅವು ನೇರವಾಗಿ ತೆರೆಯುವುದೇ ಇಲ್ಲ. ಅಂದರೆ ಹೊಸ ವ್ಯವಸ್ಥೆ ಬಂದ ಮರುದಿನ ಬೆಳಿಗ್ಗೆ ಹರಾಜು ಮುಗಿದು ರೈತ ಪಟ್ಟಿಗಾಗಿ ಮೇಜಿನ ಮುಂದೆ ನಿಂತಾಗ, ಪಟ್ಟಿ ಬರೆಯುವ ಪ್ರೋಗ್ರಾಂ ಮೌನವಾಗಿರುತ್ತದೆ. ಬರೆದುಕೊಟ್ಟವರು ಊರು ಬಿಟ್ಟು ವರ್ಷಗಳಾಗಿರುತ್ತವೆ.

ಹಳೆಯ ಲೆಕ್ಕವನ್ನು ತೆರೆಯಲಾರದ ಸ್ಥಿತಿಯೂ ಸಣ್ಣ ವಿಷಯವಲ್ಲ. ಜಿಎಸ್‌ಟಿ ಕಾನೂನಿನ ಪ್ರಕಾರ ವಾರ್ಷಿಕ ರಿಟರ್ನ್ ಸಲ್ಲಿಸಬೇಕಾದ ಕೊನೆಯ ದಿನದಿಂದ 72 ತಿಂಗಳವರೆಗೆ ಲೆಕ್ಕಪತ್ರಗಳನ್ನು ಕಾಪಾಡಬೇಕು. ಅಧಿಕಾರಿಗಳು ಕೇಳಿದಾಗ "ಕಡತ ಇದೆ, ಆದರೆ ತೆರೆಯುತ್ತಿಲ್ಲ" ಎಂಬ ಉತ್ತರ ನಡೆಯುವುದಿಲ್ಲ. ಆದುದರಿಂದ ಹಳೆಯ ಪ್ರೋಗ್ರಾಮಿನಲ್ಲಿರುವ ಖಾತೆಗಳನ್ನು ಎಕ್ಸೆಲ್‌ಗೋ ಪಿಡಿಎಫ್‌ಗೋ ಇಳಿಸಿಕೊಳ್ಳುವ ಕೆಲಸ ಹೊಸ ವ್ಯವಸ್ಥೆಗೆ ಹೋಗುವ ಮೊದಲೇ ಆಗಬೇಕು. ಒಂದು ಹಳೆಯ ಯಂತ್ರವನ್ನು ಅಂತರ್ಜಾಲದ ಸಂಪರ್ಕ ತೆಗೆದು ಮೂಲೆಯಲ್ಲಿ ಉಳಿಸಿಕೊಳ್ಳುವುದೂ ಒಳ್ಳೆಯದೇ.

ಮುದ್ರಣಯಂತ್ರದ ಗೋಳು ಇನ್ನೊಂದು. ಮೂರು ಪ್ರತಿಯ ಬಿಲ್ಲನ್ನು ಕಾರ್ಬನ್ ಹಾಕಿ ಒಂದೇ ಏಟಿಗೆ ತೆಗೆಯುವ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್‌ಗೆ ನಮ್ಮ ಪೇಟೆಗಳಲ್ಲಿ ಇನ್ನೂ ಸಮನಾದ ಬದಲಿ ಬಂದಿಲ್ಲ. ಹೊಸ ಗಣಕಯಂತ್ರಗಳಲ್ಲಿ ಅದರ ಹಳೆಯ ಅಗಲವಾದ ಪೋರ್ಟ್ ಸಾಮಾನ್ಯವಾಗಿ ಇರುವುದಿಲ್ಲ, ಡ್ರೈವರ್ ಸಿಗುವುದೂ ಖಚಿತವಿಲ್ಲ. ತೂಕದ ಯಂತ್ರದ ಸೀರಿಯಲ್ ಕೇಬಲ್, ಬಾರ್‌ಕೋಡ್ ಚೀಟಿಯ ಪ್ರಿಂಟರ್ ಇವುಗಳದೂ ಇದೇ ಕಥೆ. ಕಂಪನಿಗಳೂ ಎಲ್‌ಎಲ್‌ಪಿ ಸಂಸ್ಥೆಗಳೂ ಜಿಎಸ್‌ಟಿ ರಿಟರ್ನ್‌ಗೆ, ಗುತ್ತಿಗೆದಾರರು ಸರ್ಕಾರಿ ಟೆಂಡರಿಗೆ ಬಳಸುವ ಡಿಜಿಟಲ್ ಸಹಿಯ ಟೋಕನ್ ಕೂಡ ತನ್ನದೇ ಡ್ರೈವರ್ ಬೇಡುತ್ತದೆ. ಟೆಂಡರಿನ ಕೊನೆಯ ದಿನ ಅದು ಕೈಕೊಟ್ಟರೆ ಅಪೀಲಿಲ್ಲ. ಯೂನಿಕೋಡ್ ಬರುವ ಮೊದಲಿನ ನುಡಿ, ಬರಹ ಅಕ್ಷರಗಳಲ್ಲಿ ಟೈಪು ಮಾಡಿಸಿಟ್ಟ ಕನ್ನಡ ಪತ್ರಗಳನ್ನೂ ಮರೆಯಬಾರದು. ಆ ಫಾಂಟುಗಳನ್ನು ಹೊಸ ಯಂತ್ರದಲ್ಲಿ ಮತ್ತೆ ಹಾಕದಿದ್ದರೆ ಕರಾರುಪತ್ರಗಳೆಲ್ಲ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲಾಗಿ ಕಾಣುತ್ತವೆ.

ಲೆಕ್ಕದ ನಕಲು ಪ್ರತಿ ಇದೆಯೇ ಎಂದು ಕೇಳಿದರೆ ಎಲ್ಲರೂ ಇದೆ ಎನ್ನುತ್ತಾರೆ. ಎಲ್ಲಿದೆ ಎಂದರೆ ಡಿ ಡ್ರೈವ್‌ನಲ್ಲಿ ಎಂಬ ಉತ್ತರ ಬರುತ್ತದೆ. ಸಿ ಮತ್ತು ಡಿ ಎಷ್ಟೋ ಯಂತ್ರಗಳಲ್ಲಿ ಒಂದೇ ಹಾರ್ಡ್ ಡಿಸ್ಕಿನ ಎರಡು ಭಾಗಗಳು. ತಿಜೋರಿಯ ಎರಡು ಖಾನೆಗಳಲ್ಲಿ ಹಣ ಇಟ್ಟು, ಎರಡು ತಿಜೋರಿಗಳಿವೆ ಎಂದು ಭಾವಿಸಿದ ಹಾಗೆ. ಸದಾ ಯಂತ್ರಕ್ಕೆ ಸಿಕ್ಕಿಸಿಯೇ ಇರುವ ಪೆನ್ ಡ್ರೈವ್ ಕೂಡ ನಕಲಲ್ಲ, ವೈರಸ್ ಬಂದರೆ ಅದನ್ನೂ ಮುಟ್ಟುತ್ತದೆ. ಕಳಚಿ ತೆಗೆದು ಬೇರೆಡೆ ಇಡುವ ಒಂದು ಡಿಸ್ಕು ಬೇಕು. ಅದಕ್ಕಿಂತ ಮುಖ್ಯವಾಗಿ, ಆ ನಕಲನ್ನು ಇನ್ನೊಂದು ಯಂತ್ರದಲ್ಲಿ ತೆರೆದು, ನಿನ್ನೆಯ ನಗದು ಶಿಲ್ಕು ತಾಳೆಯಾಗುತ್ತದೆಯೇ ಎಂದು ನೋಡಬೇಕು. ತೆರೆದು ನೋಡದ ನಕಲಿನ ಮೇಲೆ ಭರವಸೆ ಇಡಲಾಗದು.

ಇನ್ನು ದಿನದ ವಿಚಾರ. ತಿಂಗಳ 11ಕ್ಕೆ ಜಿಎಸ್‌ಟಿಆರ್-1, 20ಕ್ಕೆ ಜಿಎಸ್‌ಟಿಆರ್-3ಬಿ. ಮಾಸಿಕ ರಿಟರ್ನ್ ಸಲ್ಲಿಸುವವರಿಗೆ 20ರ ನಂತರ, ತಿಂಗಳ ಕೊನೆಯ ಬಿಲ್ಲುಗಳ ಗದ್ದಲಕ್ಕೆ ಮೊದಲು ಬರುವ ವಾರದ ರಜೆಯ ದಿನವೇ ಸೂಕ್ತ. ಮಾರ್ಚ್ ತಿಂಗಳು ಬೇಡವೇ ಬೇಡ. ಹಲವು ಗಿಗಾಬೈಟ್ ಇಳಿಸಿಕೊಂಡು, ಹಲವು ಬಾರಿ ತಾನೇ ನಿಂತು ಎದ್ದು ನಡೆಯುವ ಈ ಕೆಲಸ ಹಳೆಯ ಯಂತ್ರಗಳಲ್ಲಿ ಅರ್ಧ ದಿನ ಹಿಡಿದರೂ ಆಶ್ಚರ್ಯವಿಲ್ಲ. ನಡುವೆ ವಿದ್ಯುತ್ ಹೋದರೆ ಯಂತ್ರ ಮೇಲೇಳದೆ ಇರಬಹುದು. ಯುಪಿಎಸ್‌ನ ಬ್ಯಾಟರಿ ನಿಜವಾಗಿ ಎಷ್ಟು ಹೊತ್ತು ತಡೆಯುತ್ತದೆ ಎಂಬುದನ್ನು ಹಿಂದಿನ ದಿನವೇ ಪರೀಕ್ಷಿಸುವುದು ಲೇಸು. ನಾಲ್ಕು ಯಂತ್ರಗಳಿದ್ದರೆ ಮೊದಲು ಒಂದಕ್ಕೆ ಮಾತ್ರ ಹಾಕಿ, ಅದರಲ್ಲಿ ಒಂದು ವಾರ ಬಿಲ್ಲು, ಇ-ವೇ ಬಿಲ್, ಬ್ಯಾಂಕು, ಮುದ್ರಣ ಎಲ್ಲವನ್ನೂ ನಡೆಸಿ ನೋಡಿ, ಆಮೇಲೆ ಉಳಿದವುಗಳನ್ನು ಮುಟ್ಟಬೇಕು. ಇರುವ ವ್ಯವಸ್ಥೆಯ ಮೇಲೆಯೇ ಹೊಸದನ್ನು ಹಾಕಿದ್ದರೆ, ಸರಿಬರದಿದ್ದಲ್ಲಿ ಹಳೆಯದಕ್ಕೆ ಮರಳಲು ಸಾಮಾನ್ಯವಾಗಿ 10 ದಿನಗಳ ಅವಕಾಶವಿರುತ್ತದೆ. ಜಾಗ ಸಾಲದೆಂದು ಯಾರಾದರೂ ಹಳೆಯ ವಿಂಡೋಸ್‌ನ ಕಡತಗಳನ್ನು ಅಳಿಸಿಬಿಟ್ಟರೆ ಆ ಬಾಗಿಲೂ ಮುಚ್ಚಿತು.

ದುರಸ್ತಿಗಾರರಲ್ಲಿ ಅನೇಕರಿಗೆ ಎಲ್ಲ ರೋಗಕ್ಕೂ ಒಂದೇ ಮದ್ದು, ಫಾರ್ಮ್ಯಾಟ್. ಸಿ ಡ್ರೈವ್ ಅಳಿಸಿ ಹೊಸದಾಗಿ ಹಾಕಿದರೆ ಅವರ ಕೆಲಸ ಬೇಗ ಮುಗಿಯುತ್ತದೆ, ಯಂತ್ರವೂ ಚುರುಕಾಗಿ ಕಾಣುತ್ತದೆ. ಆದರೆ ಡೆಸ್ಕ್‌ಟಾಪ್ ಮೇಲೆ ಗುಮಾಸ್ತ ಇಟ್ಟ ಬಾಕಿ ಪಟ್ಟಿ, ಔಟ್‌ಲುಕ್‌ನಲ್ಲಿರುವ ಗ್ರಾಹಕರ ಪತ್ರಗಳು ಸಾಮಾನ್ಯವಾಗಿ ಇರುವುದು ಅದೇ ಸಿ ಡ್ರೈವ್‌ನಲ್ಲಿ. ಟ್ಯಾಲಿಯಂತಹ ತಂತ್ರಾಂಶದ ಪರವಾನಗಿಯೂ ಯಂತ್ರಕ್ಕೆ ಅಂಟಿಕೊಂಡಿರುತ್ತದೆ. ಅಳಿಸುವ ಮುನ್ನ ಅದನ್ನು ಸರೆಂಡರ್ ಮಾಡಿಸಬೇಕು. ಫಾರ್ಮ್ಯಾಟ್ ಮಾಡುವ ಅಧಿಕಾರ ದುರಸ್ತಿಗಾರನಿಗಲ್ಲ, ಮಾಲೀಕನ ಲಿಖಿತ ಒಪ್ಪಿಗೆಗೆ ಮಾತ್ರ ಎಂಬ ಕಟ್ಟುಪಾಡು ಸಣ್ಣ ಅಂಗಡಿಯಲ್ಲೂ ಇರಬೇಕು.

ಮಾಲೀಕರ ಕೋಪಕ್ಕೂ ಕಾರಣವಿಲ್ಲದೆ ಇಲ್ಲ. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಸುರಕ್ಷತಾ ವ್ಯವಸ್ಥೆಯೂ, ಇಂಟೆಲ್‌ನಲ್ಲಾದರೆ ಬಹುಮಟ್ಟಿಗೆ 8ನೆಯ ಪೀಳಿಗೆಯ ಅಥವಾ ನಂತರದ ಪ್ರೊಸೆಸರ್ ಕೂಡ ಬೇಕು. 2016ರಲ್ಲಿ ಕೊಂಡ, ಇಂದಿಗೂ ದೃಢವಾಗಿರುವ ಯಂತ್ರ ಈ ಒಂದು ಷರತ್ತಿನಿಂದ ಅನರ್ಹವಾಗುತ್ತದೆ. ಇದು ನ್ಯಾಯವಲ್ಲ ಎಂಬ ಮಾತಿನಲ್ಲಿ ಸತ್ಯಾಂಶವಿದೆ. ಆದರೆ ಕೋಪದಿಂದ ಯಂತ್ರ ಸುರಕ್ಷಿತವಾಗುವುದಿಲ್ಲ. ಟಿಪಿಎಂ ಯಂತ್ರದಲ್ಲಿಯೇ ಇದ್ದು ಬಯಾಸ್‌ನಲ್ಲಿ ನಿಷ್ಕ್ರಿಯವಾಗಿರುವುದೂ ಉಂಟು. ಮೊದಲು ಅದನ್ನು ನೋಡಬೇಕು. ಷರತ್ತನ್ನು ಬಳಸುದಾರಿಯಿಂದ ತಪ್ಪಿಸಿ ಹಾಕಿಕೊಡುವವರೂ ಇದ್ದಾರೆ. ಹಾಗೆ ಹಾಕಿದ ಯಂತ್ರಕ್ಕೆ ಮುಂದಿನ ಅಪ್‌ಡೇಟ್‌ಗಳ ಭರವಸೆ ಇಲ್ಲವೆಂದು ಮೈಕ್ರೋಸಾಫ್ಟ್ ಸ್ಪಷ್ಟವಾಗಿ ಹೇಳಿದೆ. ಪರವಾನಗಿಯೇ ಇಲ್ಲದ ಪ್ರತಿಗಳ ಮಾತು ಬೇರೆ. ಬಿಡಿಭಾಗ ಜೋಡಿಸಿದ ಯಂತ್ರಗಳಲ್ಲಿ ಅವು ಎಷ್ಟು ಸಾಮಾನ್ಯ ಎಂಬುದನ್ನು ಎಲ್ಲರೂ ಬಲ್ಲರು, ಯಾರೂ ಹೇಳುವುದಿಲ್ಲ.

ಹಳೆಯದರಲ್ಲೇ ಮುಂದುವರಿಯುವವರಿಗೆ ಹಣ ಪಡೆದು ಸುರಕ್ಷತಾ ಅಪ್‌ಡೇಟ್ ಕೊಡುವ ಯೋಜನೆಯನ್ನೂ ಸಂಸ್ಥೆ ಪ್ರಕಟಿಸಿತು. ವಾಣಿಜ್ಯ ಬಳಕೆದಾರರಿಗೆ ಯಂತ್ರವೊಂದಕ್ಕೆ ಮೊದಲ ವರ್ಷ 61 ಡಾಲರ್, ಆಮೇಲೆ ವರ್ಷ ವರ್ಷ ಇಮ್ಮಡಿ, ಗರಿಷ್ಠ ಮೂರು ವರ್ಷ. ಮೂರೂ ವರ್ಷ ಸೇರಿ 427 ಡಾಲರ್ ಆಗುತ್ತದೆ. ಸಾಧಾರಣ ಬಿಲ್ಲಿಂಗ್‌ಗೆ ಒಂದು ಹೊಸ ಯಂತ್ರವೇ ಬರುವಷ್ಟು ಮೊತ್ತವದು. ಒಂದು ವರ್ಷದ ಸಾವಕಾಶಕ್ಕೆ ಕೊಟ್ಟರೆ ವಿವೇಕ, ಮೂರು ವರ್ಷಕ್ಕೆ ಕೊಟ್ಟರೆ ದುಂದು. ನೋಂದಾಯಿತ ವರ್ತಕರು ವ್ಯಾಪಾರಕ್ಕೆಂದು ಹೊಸ ಯಂತ್ರ ಕೊಂಡರೆ ಅದರ ಮೇಲಿನ ಜಿಎಸ್‌ಟಿಗೆ ನಿಯಮಾನುಸಾರ ಹೂಡುವಳಿ ತೆರಿಗೆಯ ಜಮೆ ದೊರೆಯುತ್ತದೆ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಕಾರ್ಖಾನೆಯ ಯಂತ್ರಗಳಿಗೆ ಜೋಡಿಸಿದ ಗಣಕಗಳಿಗೆ ಮಾತ್ರ ಈ ನಿಯಮ ಅನ್ವಯಿಸದು. ಪೀಣ್ಯದಲ್ಲಾಗಲಿ ಬೆಳಗಾವಿಯ ಉದ್ಯಮಬಾಗದಲ್ಲಾಗಲಿ, ಯಂತ್ರದ ತಯಾರಕರು ವಿಂಡೋಸ್ ಎಕ್ಸ್‌ಪಿ ಅಥವಾ 7ರೊಡನೆ ಕೊಟ್ಟ ನಿಯಂತ್ರಕವನ್ನು ದುರಸ್ತಿಗಾರನ ಮಾತು ಕೇಳಿ ಬದಲಾಯಿಸಿದರೆ ಲಕ್ಷಾಂತರ ರೂಪಾಯಿಯ ಯಂತ್ರವೇ ನಿಲ್ಲಬಹುದು. ಅದನ್ನು ಇದ್ದಂತೆಯೇ ಬಿಟ್ಟು, ಅಂತರ್ಜಾಲದಿಂದಲೂ ಕಚೇರಿಯ ಜಾಲದಿಂದಲೂ ಬೇರ್ಪಡಿಸಿ, ಡಿಸ್ಕಿನ ಪೂರ್ಣ ಪ್ರತಿಯೊಂದನ್ನು ಕಪಾಟಿನಲ್ಲಿ ಇಡುವುದೇ ಸರಿ.

ಇಷ್ಟನ್ನೂ ಪ್ರತಿಯೊಬ್ಬ ವರ್ತಕನೂ ಒಂಟಿಯಾಗಿ ಕಲಿಯಬೇಕೆಂದು ನಿರೀಕ್ಷಿಸುವುದು ತಪ್ಪು. ಲಾರಿ ಬಾಡಿಗೆ, ವಿದ್ಯುತ್ ದರ, ಮಾರುಕಟ್ಟೆ ಶುಲ್ಕಗಳ ಬಗ್ಗೆ ಮನವಿ ಸಲ್ಲಿಸುವ ವಾಣಿಜ್ಯ ಸಂಸ್ಥೆಗಳು ಈ ವಿಷಯವನ್ನೂ ಕೈಗೆತ್ತಿಕೊಳ್ಳಬೇಕು. ಯಾವ ಪ್ರಿಂಟರ್, ಯಾವ ತೂಕದ ಯಂತ್ರ, ಯಾವ ಬಿಲ್ಲಿಂಗ್ ಪ್ರೋಗ್ರಾಂ ಹೊಸ ವ್ಯವಸ್ಥೆಯಲ್ಲಿ ನಡೆಯಿತು, ಯಾವುದು ನಡೆಯಲಿಲ್ಲ ಎಂಬ ಅನುಭವ ಇಂದು ಸದಸ್ಯರಲ್ಲಿ ಚದುರಿಹೋಗಿದೆ. ಅದನ್ನು ಒಂದು ವಹಿಯಲ್ಲಿ ಬರೆದಿಡಲು ಹೆಚ್ಚಿನ ಖರ್ಚೇನೂ ಇಲ್ಲ. ಒಂದೇ ಊರಿನ ಇಪ್ಪತ್ತು ಮಂದಿ ಒಂದೇ ಹಳೆಯ ಪ್ರೋಗ್ರಾಂ ಬಳಸುತ್ತಿದ್ದರೆ, ಅದನ್ನು ಹೊಸದಾಗಿ ಬರೆಸುವ ವೆಚ್ಚವನ್ನೂ ಹಂಚಿಕೊಳ್ಳಬಹುದು. ವಿಂಡೋಸ್ 11ರ ಆವೃತ್ತಿಗಳಿಗೂ ಆಯುಷ್ಯದ ಮಿತಿಯಿದೆ. ಹೋಂ ಮತ್ತು ಪ್ರೊ ಬಳಸುವವರಿಗೆ 24ಎಚ್2 ಆವೃತ್ತಿಯ ಅವಧಿ 2026ರ ಅಕ್ಟೋಬರ್ 13ರವರೆಗೆ ಮಾತ್ರ ಎಂದು ಪ್ರಕಟವಾಗಿದೆ. ಆ ವಹಿಯ ಮೊದಲ ಪುಟದಲ್ಲಿ ಬರೆಯಬೇಕಾದ ದಿನಾಂಕ ಅದು.