ಊರ ಹೆಸರು ಹೊತ್ತ ಕಂಠ

ಅಕ್ಕಿಆಲೂರಿನವರಿಗೆ ಹಾನಗಲ್ಲೆಂದರೆ ತಾಲೂಕು ಕಚೇರಿಯ ಕೆಲಸಕ್ಕೆಂದು ಹೋಗಿಬರುವ ಊರು. ಹೊರನಾಡಿನ ರಸಿಕರಿಗಾದರೋ ಅದು ಊರಿನ ಹೆಸರಲ್ಲ, ಒಂದು ಕಂಠದ ಹೆಸರು.

ಗಂಗೂಬಾಯಿ ಹಾನಗಲ್ಲರು ಜನಿಸಿದ್ದು 1913ರಲ್ಲಿ, ಧಾರವಾಡದಲ್ಲಿ. ಹಾನಗಲ್ಲು ಅವರ ಪೂರ್ವಿಕರ ಊರು. ತಾಯಿ ಅಂಬಾಬಾಯಿಯವರು ಕರ್ನಾಟಕ ಸಂಗೀತದಲ್ಲಿ ನುರಿತವರು. ಮಗಳ ಹಿಂದುಸ್ತಾನಿ ಅಭ್ಯಾಸಕ್ಕೆ ಅಡ್ಡಿಯಾಗಬಾರದೆಂದು ತಮ್ಮ ಹಾಡನ್ನೇ ನಿಲ್ಲಿಸಿದ ಮಹಾತಾಯಿ. ಹಾಡುವ ಹೆಂಗಸರ ಮನೆತನವೆಂದು ಅಂದಿನ ಸಮಾಜ ಅವರನ್ನು ದೂರವೇ ಇರಿಸಿತ್ತು. 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಗಾಂಧೀಜಿಯವರ ಮುಂದೆ ಸ್ವಾಗತಗೀತೆ ಹಾಡಿದ ಆ ಹನ್ನೊಂದರ ಬಾಲೆಗೆ, ಊಟವಾದ ಮೇಲೆ ಎಲ್ಲಿ ಎಲೆ ತೆಗೆಯಲು ಹೇಳುವರೋ ಎಂಬ ಅಳುಕು ಕಾಡಿತ್ತಂತೆ.

1930ರ ದಶಕದಲ್ಲಿ ಹೊರಬಂದ ಅವರ ಮೊದಮೊದಲ ಗ್ರಾಮಫೋನ್ ತಟ್ಟೆಗಳ ಮೇಲೆ ಅಚ್ಚಾದ ಹೆಸರು 'ಗಾಂಧಾರಿ'. ಆಗಿನ ದನಿ ತೆಳು, ಎತ್ತರ. ಮುಂದೆ ಗಂಟಲಿಗೆ ಚಿಕಿತ್ಸೆಯಾದ ಮೇಲೆ ಆ ದನಿ ತಗ್ಗಿತು, ಗಡಸಾಯಿತು. ರೇಡಿಯೋದಲ್ಲಿ ಕೇಳಿದವರು ಗಂಡಸಿನ ಹಾಡೆಂದು ಭ್ರಮಿಸಿದ್ದೂ ಉಂಟು. ಇನಿದನಿಯೇ ಗಾಯಕಿಯ ಬಂಡವಾಳವೆಂದು ಬಗೆದಿದ್ದ ಕಾಲದಲ್ಲಿ ಮತ್ತೊಬ್ಬರಾಗಿದ್ದರೆ ತಂಬೂರಿಯನ್ನು ಮೂಲೆಗೆ ಒರಗಿಸುತ್ತಿದ್ದರೇನೋ!

ಗಂಗೂಬಾಯಿಯವರು ಹಾಗೆ ಮಾಡಲಿಲ್ಲ. ಹುಬ್ಬಳ್ಳಿಯಿಂದ ರೈಲು ಹತ್ತಿ ಕುಂದಗೋಳಕ್ಕೆ ಹೋಗಿ ಸವಾಯಿ ಗಂಧರ್ವರಲ್ಲಿ ಕಿರಾಣಾ ಘರಾಣೆಯ ಪಾಠ ಹೇಳಿಸಿಕೊಂಡರು. ಸಂಜೆ ಪಾಠ ಮುಗಿಸಿ ನಿಲ್ದಾಣಕ್ಕೆ ನಡೆಯುವಾಗ ಎಷ್ಟೋ ಸಲ ಜೊತೆಗಿರುತ್ತಿದ್ದವರು ಗುರುಬಂಧು ಭೀಮಸೇನ ಜೋಶಿ. ರಾಗವನ್ನು ಅವಸರವಿಲ್ಲದೆ, ಒಂದೊಂದೇ ಸ್ವರವಾಗಿ ಬೆಳೆಸುವ ಆ ಪದ್ಧತಿಗೆ ತಗ್ಗಿದ ಕಂಠ ಹೇಳಿಮಾಡಿಸಿದಂತಿತ್ತು. ಭಾವಗೀತೆ, ಠುಮ್ರಿಗಳಿಂದ ಹೆಸರಾದವರು 1945ರ ಬಳಿಕ ಅವೆಲ್ಲವನ್ನೂ ಬಿಟ್ಟು ಖಯಾಲಿಗೇ ತಮ್ಮನ್ನು ಮುಡಿಪಾಗಿಟ್ಟರು. ಕೊರತೆಯೆಂದು ಜನ ಕಂಡದ್ದೇ ಅವರ ಹಾಡಿನ ಗುರುತಾಯಿತು. 2002ರಲ್ಲಿ ಪದ್ಮವಿಭೂಷಣ ಬಂದಿತು. 2009ರ ಜುಲೈ 21ರಂದು ಹುಬ್ಬಳ್ಳಿಯಲ್ಲಿ ಆ ದನಿ ನಿಂತಿತು.

ಗಂಡಸು ಹಾಡಿದರೆ ಪಂಡಿತ, ಉಸ್ತಾದ ಎನ್ನುತ್ತಾರೆ; ಹೆಂಗಸು ಎಷ್ಟು ಹಾಡಿದರೂ 'ಬಾಯಿ'ಯಾಗಿಯೇ ಉಳಿಯುತ್ತಾಳೆಂಬ ನೋವು ಅವರಿಗಿತ್ತು. ಇಂದು ಮೈಸೂರಿನಲ್ಲಿರುವ ರಾಜ್ಯದ ಸಂಗೀತ ವಿಶ್ವವಿದ್ಯಾಲಯಕ್ಕೆ ಅವರದೇ ಹೆಸರು. ಅಲ್ಲಿ ಓದಿ ಹೊರಬರುವ ಗಂಡುಮಕ್ಕಳ ಪದವಿಪತ್ರದ ಮೇಲೂ ಆ 'ಬಾಯಿ' ಎಂಬ ಮಾತು ತಲೆಯೆತ್ತಿ ನಿಂತಿದೆ.